ಓಡುವ ಅಕ್ಷರಗಳು

ಸೇಲಂನ ನೇಕಾರ ಮುರುಗೇಶ ಹೊಸದಾಗಿ ಕಾರು ಕಲಿತಿದ್ದ. ದಾರಿಯ ಬೋರ್ಡುಗಳನ್ನೆಲ್ಲ ಓದಿಕೊಂಡು ಓಡಿಸುವವನು ತಾನೊಬ್ಬನೇ ಎಂದು ಹೆಂಡತಿ ರಾಜಾತಿಯ ಮುಂದೆ ಜಂಬ ಬೇರೆ. ಅವತ್ತು ಮದುವೆ ಸೀರೆ ಕೊಡಲು ಇಬ್ಬರೂ ನಲ್ಲಂಪಳ್ಳಿಗೆ ಹೊರಟಿದ್ದರು.

ತೊಪ್ಪೂರು ಘಾಟಿಯ ಹತ್ತಿರ ಹೊಸ ದೀಪದ ಬೋರ್ಡು ಕಂಡಿತು. ತಮಿಳು ಅಕ್ಷರಗಳು ಸರಸರ ಓಡುತ್ತಿದ್ದವು. ಅವನು ಅರ್ಧ ಓದುವಷ್ಟರಲ್ಲಿ ಇಂಗ್ಲಿಷ್ ಬಂತು. ತಮಿಳು ಮತ್ತೆ ಬರಲೆಂದು ಕತ್ತೆತ್ತಿಕೊಂಡೇ ಇದ್ದ. ಕಾರು ಹೋಗಿ ಮುಂದಿದ್ದ ಹಾಲಿನ ವ್ಯಾನಿಗೆ ಮೆಲ್ಲಗೆ ಗುದ್ದಿತು.

ತಪ್ಪು ತನ್ನದೇ ಆದರೂ ಮುರುಗೇಶನೇ ಮೊದಲು ಇಳಿದು ತಮಿಳಿನಲ್ಲಿ ದಬಾಯಿಸಿದ: "ಏನಣ್ಣಾ, ಹಿಂಗೆ ದಿಢೀರಂತ ಬ್ರೇಕ್ ಹಾಕ್ತಾರಾ?"

ವ್ಯಾನಿನವನು ನಾಚಿಕೊಂಡ. "ಬೋರ್ಡ್ ಓದ್ತಾ ಇದ್ದೆ ತಮ್ಮಾ."

"ನಾನೂ ಅದೇ," ಎಂದ ಮುರುಗೇಶನ ಸ್ವರ ಇಳಿದುಹೋಯಿತು. ವ್ಯಾನಿಗೆ ಏನೂ ಆಗಿರಲಿಲ್ಲ. ಒಡೆದದ್ದು ಇವನ ಕಾರಿನ ದೀಪ.

ಅಷ್ಟರಲ್ಲಿ ರಾಜಾತಿ ಬೋರ್ಡನ್ನು ಪೂರ್ತಿ ಓದಿದ್ದಳು. "ರೋಡ್ ನೋಡ್ಕಂಡು ಓಡ್ಸಿ ಅಂತ ಐತೆ!"

ಮುರುಗೇಶನಿಗೆ ತನ್ನ ಮೇಲೇ ನಗು ಬಂತು. "ಇನ್ಮೇಲೆ ಓದೋದು ನೀನು, ಓಡ್ಸೋದು ನಾನು. ಎರಡೂ ಒಟ್ಟಿಗೆ ಮಾಡೋವಷ್ಟು ಮಂಡೆ ನಂಗಿಲ್ಲ ಕಣೆ."

ರಾಜಾತಿ ನಲ್ಲಂಪಳ್ಳಿವರೆಗೂ ಟೀ ಅಂಗಡಿ, ಸಿಮೆಂಟ್ ಜಾಹೀರಾತು ಒಂದನ್ನೂ ಬಿಡದೆ ಗಟ್ಟಿಯಾಗಿ ಓದಿದಳು. ಅವನು ರೋಡಿನಿಂದ ಕಣ್ಣು ಕೀಳದೆ ಓಡಿಸಿದ.