ಅಡಿಗೆಯವಳ ಅರ್ಧ ಗಂಟೆ

ವಾರ್ನಿಶ್ ವಾಸನೆ ಮತ್ತೆ ನೆಲದ ಬಿರುಕಿನಿಂದ ಏರಿ ಬರುತ್ತಿದೆ, ಕೆಳಗಿನ ಪೀಠೋಪಕರಣದ ಅಂಗಡಿಯವರು ಯಾವುದೋ ಮದುವೆಮನೆಯ ಮೇಜಿಗೆ ಎರಡನೇ ಕೈ ಬಳಿಯುತ್ತಿರಬೇಕು, ಮೂಗಿಗೆ ಬಂದದ್ದು ನೇರ ಹಣೆಗೆ ಹೋಗಿ ಕೂರುತ್ತದೆ, ಅಲ್ಲಾಗಲೇ ಶಾಕಿರ್ ಸಾರ್ ಅವರ ಮೈಕು ಕೂತಿದೆ — ತಂತಿಗಳು ಸೇರುವ ಒಂದು ಕೂಡಿಗೆ ಎಷ್ಟು ವಿದ್ಯುತ್ತು ಬಂತೋ ಅಷ್ಟೂ ಹೊರಗೆ ಹೋಗಬೇಕು, ಹೆಚ್ಚಿಲ್ಲ ಕಮ್ಮಿಯಿಲ್ಲ, ಬರ್ಕೊಳ್ಳಿ ಡಾಕ್ಟರಮ್ಮಂದಿರೇ — ನೂರಿಪ್ಪತ್ತು ಹುಡುಗಿಯರು ನೂರಿಪ್ಪತ್ತು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬರೆದುಕೊಳ್ಳುತ್ತಿದ್ದಾರೆ, ಶುರೂಕ್ ಕೂಡ ಬರೆಯುತ್ತಿದ್ದಾಳೆ, ಆದರೆ ಅವಳ ಪೆನ್ನು ಬರೆದದ್ದು ನರ್ಸ್ ಎಂದು, ಅದರ ಪಕ್ಕ ಒಂದು ಪ್ರಶ್ನಾರ್ಥಕ, ಅದರ ಸುತ್ತ ಒಂದು ವೃತ್ತ. ನರ್ಸೇ ಇರಬೇಕು. ಮುದಿ ಪಾಶಾನ ವಿಷ ಬಿದ್ದ ಕಾಫಿಯ ಹತ್ತಿರ ಹೋಗಲು ನರ್ಸಿಗಲ್ಲದೆ ಯಾರಿಗೆ ಸಾಧ್ಯವಿತ್ತು, ಸೋದರಳಿಯ ಮಹಡಿಯ ಮೇಲಿದ್ದ, ಎರಡನೇ ಹೆಂಡತಿ ಸ್ನಾನಕ್ಕೆಂದು ಹಮ್ಮಾಮಿನಲ್ಲಿದ್ದಳು, ನೂರ ಎಪ್ಪತ್ತೊಂದನೇ ಪುಟದಲ್ಲಿ ಪೊಲೀಸ್ ಅಧಿಕಾರಿ ಎಲ್ಲರನ್ನೂ ಹಜಾರಕ್ಕೆ ಕರೆಸಿ ಬಾಗಿಲು ಹಾಕಿಸಿದ, ಬಾಯಿ ತೆರೆದ — ಅಲ್ಲಿಗೆ ನಿಂತಿದೆ, ಎಂಟು ದಿನದಿಂದ ಆ ಮನುಷ್ಯ ಬಾಯಿ ತೆರೆದುಕೊಂಡೇ ನಿಂತಿದ್ದಾನೆ, ಇನ್ನು ಮೂವತ್ತೊಂಬತ್ತು ಪುಟ, ಮೂವತ್ತೊಂಬತ್ತೇ ಪುಟ ಕಣಮ್ಮಾ ಎಂದು ಅವಳು ಅಂದು ಬೇಡಿಕೊಂಡಿದ್ದಳು. ಪಕ್ಕದ ಕುರ್ಚಿಯ ಮಿರೇತ್ ಅವಳ ಹಾಳೆಯತ್ತ ಕಣ್ಣು ಹಾಯಿಸಿ ತುಟಿ ಕಚ್ಚಿ ನಗುತ್ತಾಳೆ, ಹೇಳಿಬಿಡ್ಲಾ ಅನ್ನುತ್ತಾಳೆ, ಬಾಯಿ ಮುಚ್ಕೊಂಡಿರು ಅನ್ನುತ್ತಾಳೆ ಶುರೂಕ್, ಸರಿಯಮ್ಮ ಮುಚ್ಕೊಂಡೆ, ಆದ್ರೆ ಪುಸ್ತಕ ನನ್ನದಲ್ಲ, ಚಿಕ್ಕಪ್ಪನ ಮಗಳದು, ಶುಕ್ರವಾರ ಅವಳು ತಂತಾ ಊರಿಗೆ ವಾಪಸ್ ಹೊರಡ್ತಾಳೆ, ಅಷ್ಟರಲ್ಲಿ ಕೊಡ್ಬೇಕು, ಗೊತ್ತಲ್ಲ ಅವಳು ಎಂಥವಳು ಅಂತ. ಗೊತ್ತು. ಎಲ್ಲರೂ ಎಂಥವರು ಎಂದು ಶುರೂಕಳಿಗೆ ಗೊತ್ತು, ಹದಿನೇಳು ವರ್ಷಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ಗೊತ್ತು, ಒಂದು ಕೂಡಿಗೆ ಬಂದ ವಿದ್ಯುತ್ತು ಏಕೆ ಅಲ್ಲೇ ಒಂದು ಗಳಿಗೆ ಕೂತು ದಣಿವಾರಿಸಿಕೊಳ್ಳಬಾರದು ಎಂಬುದೊಂದು ಗೊತ್ತಿಲ್ಲ.

ಭೌತಶಾಸ್ತ್ರದಲ್ಲಿ ಅರವತ್ತಕ್ಕೆ ಮೂವತ್ತೊಂದು. ಆ ಮೂವತ್ತೊಂದೇ ಎಲ್ಲಕ್ಕೂ ಮೂಲ, ಶಾಕಿರ್ ಸಾರ್ ಮನೆಗೆ ಫೋನು ಮಾಡಿ ನಿಮ್ಮ ಹುಡುಗಿ ಹಿಂದಿನ ಸಾಲಲ್ಲಿ ಕೂತು ಕಥೆ ಪುಸ್ತಕ ಓದ್ತಾಳೆ ಇನ್ಸಾಫಮ್ಮ, ಶಾಲೆಯ ಕೊನೇ ಥಾನವಿಯಾ ಪರೀಕ್ಷೆಗೆ ಇನ್ನು ಐದೇ ವಾರ ಅಂದರಂತೆ, ಅಮ್ಮ ಫೋನಿಟ್ಟವಳು ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಕೋಣೆಗೆ ಬಂದಳು, ಭೌತಶಾಸ್ತ್ರದ ಹೊಟ್ಟೆಯೊಳಗಿಂದ ರಟ್ಟು ಹರಿದು ಹೆಸರೇ ಇಲ್ಲದಂತಾಗಿದ್ದ ಆ ಪುಸ್ತಕವನ್ನು ಎಳೆದಳು, ಹಾಸಿಗೆಯಡಿಯ ಮೂರನ್ನು ಎಳೆದಳು, ಕೊನೆಗೆ ನೀಲಿ ನೋಟುಪುಸ್ತಕವನ್ನೂ. ಅದನ್ನು ಬಿಡು ಅಮ್ಮ, ಅದು ಪುಸ್ತಕ ಅಲ್ಲ, ನಾನು ಬರ್ದಿರೋದು ಅಂದರೆ, ನೀನು ಬರ್ದಿರೋದು ಅಂತಾನೇ ತಗೊಂಡೆ, ಬರೆಯೋ ಕೈ ಲೆಕ್ಕ ಮಾಡ್ಲಿ ಅಂದಳು. ಅಮ್ಮನಿಗೆ ಏನು ಗೊತ್ತು, ಆ ನೀಲಿ ಪುಸ್ತಕದಲ್ಲಿ ಎರಡು ವರ್ಷದ ಕೊಲೆಗಳಿದ್ದವು, ಒಂದೊಂದು ಕಾದಂಬರಿಗೂ ಒಂದೊಂದು ಪಟ್ಟಿ, ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು, ಯಾರ ಮಾತು ಯಾರ ಮಾತಿಗೆ ಹೊಂದುವುದಿಲ್ಲ, ಮನೆಯ ನಕ್ಷೆ, ಮೆಟ್ಟಿಲುಗಳ ಸಂಖ್ಯೆ, ಹನ್ನೊಂದರಲ್ಲಿ ಎಂಟು ಸಲ ಅಧಿಕಾರಿಗಿಂತ ಮೊದಲೇ ಅವಳು ಅಪರಾಧಿಯನ್ನು ಹಿಡಿದಿದ್ದಳು — ಇದನ್ನು ಯಾವ ಪರೀಕ್ಷೆಯಲ್ಲಿ ಕೇಳುತ್ತಾರೆ, ಯಾರೂ ಕೇಳುವುದಿಲ್ಲ. ಅಪ್ಪ ಸಂಜೆ ಕಾರ್ಖಾನೆಯಿಂದ ಹುಬ್ಬಿನ ತುಂಬ ಬೀಚ್ ಮರದ ಪುಡಿ ಹೊತ್ತು ಬಂದರು, ಕುರ್ಚಿಯ ಕಾಲಿಗೆ ಹೂ ಕೆತ್ತುವುದರಲ್ಲಿ ದಮಿಯಾತ್ ಊರಲ್ಲೇ ಅಪ್ಪನನ್ನು, ನಬವಿ ಮೇಸ್ತ್ರಿಯನ್ನು, ಮೀರಿಸುವವರಿಲ್ಲ ಎನ್ನುತ್ತಾರೆ, ಮೂವತ್ತು ವರ್ಷ ಬೇರೆಯವರು ಕೂರೋಕೆ ಕುರ್ಚಿ ಮಾಡಿದೆ, ನಮ್ಮ ಡಾಕ್ಟರಮ್ಮನ ಕುರ್ಚಿ ಒಂದು ಮಾಡಿ ಕಣ್ಣು ಮುಚ್ತೀನಿ ಅಂದರು, ಅಷ್ಟೇ, ಒಂದು ಬೈಗುಳವಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬೈದರೆ ತಿರುಗಿ ಮಾತಾಡಬಹುದು, ಕುರ್ಚಿಯ ಜೊತೆ ಏನು ಜಗಳ ಮಾಡುವುದು. ಆಮೇಲೆ ಈ ಎಂಟು ದಿನ ಅವಳು ಓದಿದ್ದಾಳೆಯೇ, ಕೂತಿದ್ದಾಳೆ, ಬೆಳಿಗ್ಗೆಯಿಂದ ಸಂಜೆಯವರೆಗೂ ಕೂತಿದ್ದಾಳೆ, ಚಹಾ ಬಂದಿದೆ, ಹೋಳು ಮಾಡಿದ ಪೇರಲೆ ಬಂದಿದೆ, ಅಮ್ಮ ಬಾಗಿಲಲ್ಲಿ ನಿಂತು ಏನೋ ಕೇಳಹೊರಟು ಓದು ಓದು ಎಂದು ಹೋಗಿದ್ದಾಳೆ, ಒಂದೇ ಸಾಲನ್ನು ನಲವತ್ತು ಸಲ ಓದಿದರೂ ಅದು ಗೋಡೆಗೆ ಎಸೆದ ಬಟಾಣಿಯಂತೆ ಉರುಳಿ ಕೆಳಗೆ ಬೀಳುತ್ತದೆ, ಏಕೆಂದರೆ ಹಜಾರದ ಬಾಗಿಲು ಹಾಕಿದೆ, ಅಧಿಕಾರಿ ಬಾಯಿ ತೆರೆದಿದ್ದಾನೆ, ಎರಡನೇ ಹೆಂಡತಿಯ ಕೈಯಲ್ಲಿ ಜಪಮಣಿ ನಿಂತುಹೋಗಿದೆ.

ಮೈಕು ಒಮ್ಮೆ ಕೀಚೆಂದು ಸತ್ತಿತು, ಫ್ಯಾನುಗಳು ಸುಮ್ಮನೆ ಎರಡು ಸುತ್ತು ತಿರುಗಿ ಸುಸ್ತಾದವು, ಶಾಕಿರ್ ಸಾರ್ ಬರಿಗಂಟಲಲ್ಲಿ ಐದು ನಿಮಿಷ ಒದ್ದಾಡಿ ವಿದ್ಯುತ್ತಿನ ಪಾಠ ಮಾಡೋಕೂ ವಿದ್ಯುತ್ತೇ ಬೇಕು ನೋಡಿ, ಹೋಗಿ ಮನೇಲಿ ಓದ್ಕೊಳ್ಳಿ ಅಂದರು, ಹುಡುಗಿಯರು ನಗುತ್ತ ಇಳಿದರು, ಶುರೂಕ್ ನಗದೆ ಇಳಿದಳು, ಮರ ತುಂಬಿದ ಗಾಡಿಗೆ ದಾರಿ ಬಿಟ್ಟಳು, ಮನೆಗೆ ಒಂದು ಗಂಟೆ ಮೊದಲೇ ಬಂದಿದ್ದಾಳೆ, ಅಮ್ಮ ಇಲ್ಲ, ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಿರಬೇಕು, ಅಪ್ಪ ಬರಲು ಇನ್ನೂ ಹೊತ್ತಿದೆ — ಒಬ್ಬ ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದು, ಅವಳು ಕಳ್ಳಿಯಲ್ಲ, ತನ್ನದನ್ನು ತಾನು ಹುಡುಕುವವಳು. ಅಮ್ಮ ಏನನ್ನಾದರೂ ಬಚ್ಚಿಡುವುದಿದ್ದರೆ ಎಲ್ಲಿ ಬಚ್ಚಿಡುತ್ತಾಳೆ, ಮೊದಲು ಅಪರಾಧಿಯಂತೆ ಯೋಚಿಸು. ಮದುವೆಯ ಪಿಂಗಾಣಿ ಜೋಡಿಸಿದ ಗಾಜಿನ ಕಪಾಟು, ಅಲ್ಲ, ಗಾಜಿನೊಳಗೆ ಕಾಣುತ್ತದೆ. ಕಂಬಳಿಗಳ ಪೆಟ್ಟಿಗೆ, ಹೌದು, ಮೂರು ಪುಸ್ತಕ ಇಲ್ಲಿವೆ, ಬಟ್ಟೆಯಲ್ಲಿ ಸುತ್ತಿ ಕಟ್ಟಿ ಗಂಟು ಹಾಕಿದಂತೆಯೇ ಇವೆ, ಆದರೆ ಬೇಕಾದದ್ದು ಇಲ್ಲ, ನೀಲಿ ಪುಸ್ತಕವೂ ಇಲ್ಲ. ಯಾಕೆ ಆ ಎರಡು ಮಾತ್ರ ಬೇರೆ. ಎಸೆದಳೇ, ಹುರಿದ ಬೀಜ ಮಾರುವವನಿಗೆ ಪೊಟ್ಟಣ ಕಟ್ಟಲು ಕೊಟ್ಟುಬಿಟ್ಟಳೇ, ಅವಳು ಅಡಿಗೆಮನೆಗೆ ನುಗ್ಗಿದಳು, ಒಲೆಯ ಕೆಳಗಿನ ಬಾಣಲೆಗಳು, ಈರುಳ್ಳಿ ಬುಟ್ಟಿ, ಅಕ್ಕಿಯ ಡಬ್ಬ, ಒಣಗಿದ ಸೊಪ್ಪು ತುಂಬಿದ ದೊಡ್ಡ ತಗಡಿನ ಡಬ್ಬ, ಅದನ್ನು ಸರಿಸಿದರೆ ಹಿಂದೆ ಗೋಡೆಗೆ ಒರಗಿ ಎರಡೂ ಕೂತಿವೆ. ನರ್ಸು, ಸೋದರಳಿಯ, ಎಲ್ಲರೂ ಸೊಪ್ಪಿನ ಘಮ ಹೊತ್ತು. ತೆಗೆಯಹೋದರೆ ಕಾದಂಬರಿಯ ನಡುವಿನಿಂದ ಏನೋ ದಪ್ಪನೆಯದು ಹೊರಗೆ ಇಣುಕುತ್ತಿದೆ, ಅಪ್ಪನ ಬಡಗಿ ಪೆನ್ಸಿಲು, ಚಪ್ಪಟೆ ಮೈಯ ಕೆಂಪು ಪೆನ್ಸಿಲು, ಅದು ಅರವತ್ತನಾಲ್ಕನೇ ಪುಟದಲ್ಲಿದೆ. ಶುರೂಕ್ ಯಾವತ್ತೂ ಪೆನ್ಸಿಲು ಇಟ್ಟು ಪುಸ್ತಕ ಮುಚ್ಚಿದವಳಲ್ಲ. ಪುಟದ ಅಂಚಿಗೆ ತುಪ್ಪದ ಹೆಬ್ಬೆರಳು, ಅದರ ಹಿಂದಿನದಕ್ಕೂ, ಅದರ ಹಿಂದಿನದಕ್ಕೂ, ಮೊದಲ ಪುಟದಿಂದಲೂ ಒಂದೇ ಹೆಬ್ಬೆರಳು ನಡೆದು ಬಂದಿದೆ. ಎಂಟು ದಿನ, ಅರವತ್ತನಾಲ್ಕು ಪುಟ, ದಿನಕ್ಕೆ ಎಂಟು.

ಅಮ್ಮ. ಆರನೇ ತರಗತಿಗೇ ಬಿಡಿಸಿದರು, ಮಾವಂದಿರಿಬ್ಬರು ಓದಬೇಕಿತ್ತು, ಬಸ್ಸಿನಲ್ಲಿ ಕೂತರೆ ಅಂಗಡಿ ಬೋರ್ಡುಗಳನ್ನು ತುಟಿಯಾಡಿಸಿ ಓದುವವಳು, ಸ-ಲೂ-ನ್, ಹ-ಲ್ವಾ, ಪಕ್ಕದವರಿಗೆ ಕೇಳಿಸುವಂತೆ, ಮೆಲ್ಲಗೆ ಓದಮ್ಮ ಎಂದು ಹತ್ತು ವರ್ಷದ ಶುರೂಕ್ ಅವಳ ಸೆರಗು ಎಳೆದಿದ್ದಳು, ಆಮೇಲೆ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ನೋಡಿದರೂ ತುಟಿ ಆಡಿಸುತ್ತಿರಲಿಲ್ಲ — ಇದೆಲ್ಲ ಈಗ ಯಾಕೆ ಬರಬೇಕು, ಈಗ ಬರಬೇಕಾದದ್ದು ಕೋಪ, ನನ್ನಿಂದ ಕಿತ್ತುಕೊಂಡು ತಾನು ಓದುತ್ತಾಳೆ, ನನಗೆ ಬೀಗ ತನಗೆ ಬಾಗಿಲು, ಇದಕ್ಕೆ ಏನು ಹೆಸರು, ಅವಳು ನೀಲಿ ಪುಸ್ತಕವನ್ನು ಬಿಚ್ಚಿದಳು, ಪಾಶಾನ ಮನೆಯ ಪಟ್ಟಿ, ತನ್ನದೇ ಒಪ್ಪವಾದ ಸಣ್ಣ ಅಕ್ಷರ, ಅಡಿಗೆಯವಳು: ಇಳಿಹೊತ್ತಿನ ಅಸರ್ ನಮಾಜಿನ ನಂತರ ಅರ್ಧ ಗಂಟೆ ಅಡಿಗೆಮನೆ ಬಿಟ್ಟು ಕದಲಲಿಲ್ಲ, ಅಷ್ಟು ಹೊತ್ತಿನಲ್ಲಿ ಎಲೆಕೋಸಿನ ಸುರುಳಿ ಮಾಡಿ ಮುಗಿಸಿ ಬಡಿಸಿದಳು, ನಿರಪರಾಧಿ. ನಿರಪರಾಧಿಯ ಮೇಲೆ ಒಂದು ಗೀಟು. ಬಡಗಿ ಪೆನ್ಸಿಲಿನ ದಪ್ಪ ಗೀಟು, ಹಲಗೆಯ ಮೇಲೆ ಗರಗಸ ಹೋಗಬೇಕಾದ ಕಡೆ ಅಪ್ಪ ಎಳೆಯುವಂಥದು. ಕೆಳಗೆ, ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿಕೊಂಡು, ಅರ್ದ ಗಂಟೆಗೆ ಕೋಸು ಆಗಲ್ಲ, ಎಲೆ ಬೇಯಿಸಬೇಕು ನಾರು ತೆಗೆಯಬೇಕು ಒಂದೊಂದೇ ಸುತ್ತಬೇಕು ಮತ್ತೆ ಬೇಯಿಸಬೇಕು, ಮೂರು ಗಂಟೆ, ಬೆಳಗ್ಗೆಯೇ ಮಾಡಿ ಇಟ್ಟಿದಾಳೆ, ಇವಳು ಸುಳು ಹೇಳುತಾಳೆ. ಶುರೂಕ್ ಅದನ್ನು ನಿಂತುಕೊಂಡೇ ಓದಿದಳು, ಮತ್ತೆ ಓದಿದಳು, ಹದಿನೇಳು ವರ್ಷ ವಾರಕ್ಕೊಮ್ಮೆ ಆ ಸುರುಳಿಗಳನ್ನು ತಿಂದ ಬಾಯಿ, ಒಂದು ದಿನವೂ ಒಂದು ಎಲೆ ಸುತ್ತದ ಕೈ — ನೀನು ಓದ್ಕೋ, ಅದೆಲ್ಲ ನಾನು ಮಾಡ್ತೀನಿ — ಎಷ್ಟು ಹೊತ್ತು ಹಿಡಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಪುಸ್ತಕದ ಅಧಿಕಾರಿಗೂ ಗೊತ್ತಿರಲಿಲ್ಲ, ಅಸೂಯೆಯಾಯಿತು, ಹೌದು, ಅಸೂಯೆಯೇ, ಮುಖ ಬಿಸಿಯಾಗುವಷ್ಟು, ಅರವತ್ತನಾಲ್ಕೇ ಪುಟಕ್ಕೆ. ಮೂವತ್ತೊಂಬತ್ತು ಪುಟ ಈಗ ಕೈಯಲ್ಲಿಯೇ ಇದೆ, ನೆಲದ ಮೇಲೆ ಕೂತು ಅರ್ಧ ಗಂಟೆಯಲ್ಲಿ ಮುಗಿಸಬಹುದು, ಇಲ್ಲವೇ ಚೀಲಕ್ಕೆ ಹಾಕಿಕೊಂಡು ಶುಕ್ರವಾರ ಮಿರೇತಳಿಗೆ ಕೊಡಬಹುದು, ನನ್ನ ಪುಸ್ತಕ ಎಲ್ಲಿ ಎಂದು ಅಮ್ಮ ಕೇಳುವಂತೆಯೂ ಇಲ್ಲ, ಯಾರನ್ನು ಕೇಳುತ್ತಾಳೆ, ತುಟಿ ಬಿಗಿದುಕೊಂಡು ಸುಮ್ಮನಾಗುತ್ತಾಳೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಕೈ ತಾನೇ ತಾನಾಗಿ ಎರಡನ್ನೂ ಗೋಡೆಗೆ ಒರಗಿಸಿತು, ಪೆನ್ಸಿಲು ಅರವತ್ತನಾಲ್ಕರಲ್ಲೇ, ತಗಡಿನ ಡಬ್ಬ ಹಿಂದಕ್ಕೆ.

ಏನು ಬೇಗ ಬಂದ್ಬಿಟ್ಟೆ ಅಂದಳು ಅಮ್ಮ, ತಲೆಯ ಮೇಲಿನ ರೊಟ್ಟಿಯ ಜಾಲರಿ ತಟ್ಟೆ ಇಳಿಸುತ್ತ, ಕರೆಂಟ್ ಹೋಯ್ತು ಅಂದಳು ಶುರೂಕ್, ಅಡಿಗೆಮನೇಲಿ ಏನು ಹುಡುಕ್ತಿದ್ದೆ, ನೀರು, ನೀರು ಹೂಜೀಲಿದೆ, ಹದಿನೇಳು ವರ್ಷದಿಂದ ಅಲ್ಲೇ ಇದೆ. ಇಬ್ಬರೂ ತಗಡಿನ ಡಬ್ಬವನ್ನು ನೋಡಲಿಲ್ಲ. ಕೇಳಬಹುದಿತ್ತು, ಅಮ್ಮಾ ಬೆಳಿಗ್ಗೆಯೇ ಮಾಡಿಟ್ಟಿದ್ದರೆ ಸುರುಳಿ ಆರಿರಬೇಕಲ್ಲ, ಬಿಸಿ ಬಿಸಿ ಬಡಿಸಿದಳು ಅಂತಿದೆಯಲ್ಲ ಎಂದು ಒಂದು ಮಾತು, ಆದರೆ ಆ ಮಾತಿನ ಹಿಂದೆಯೇ ನಾಚಿಕೆ ಬರುತ್ತದೆ, ಅಮ್ಮನ ಮುಖ ಬಸ್ಸಿನ ಕಿಟಕಿಯ ಕಡೆ ತಿರುಗುತ್ತದೆ, ಪುಸ್ತಕ ಅರವತ್ತನಾಲ್ಕಕ್ಕೇ ನಿಲ್ಲುತ್ತದೆ, ಇನ್ನೂ ನೂರ ನಲವತ್ತಾರು ಪುಟ, ದಿನಕ್ಕೆ ಎಂಟು, ಹದಿನೆಂಟು ದಿನವಾದರೂ ಬೇಕು, ಶುಕ್ರವಾರಕ್ಕೆ ಇರುವುದು ಮೂರು. ಹಜಾರದ ಫೋನು ಎತ್ತಿ ಮಿರೇತಳ ನಂಬರು ಒತ್ತಿದಳು. ಪುಸ್ತಕ ಕಳೆದುಹೋಯ್ತು. ಏನಂದೆ. ಕಳೆದುಹೋಯ್ತು ಕಣೇ, ಮೈಕ್ರೋ ವ್ಯಾನಿನಲ್ಲಿ ಬಿಟ್ಟೆ ಅನ್ಸುತ್ತೆ. ಸುಳ್ಳು ಹೇಳ್ಬೇಡ, ನಿಮ್ಮಮ್ಮ ತಗೊಂಡ್ರು ಅಂತ ನೀನೇ ಹೇಳಿದ್ದೆ, ವಾಪಸ್ ಕೇಳು. ಅಮ್ಮ ಕೊಟ್ಟಿದ್ರು, ಆಮೇಲೆ ಕಳೆದೆ. ಮಿರೇತಳ ದನಿ ಏರಿತು, ಚಿಕ್ಕಪ್ಪನ ಮಗಳಿಗೆ ನಾನು ಏನು ಹೇಳ್ಲಿ, ಇನ್ಮೇಲೆ ನನ್ನ ಹತ್ರ ಒಂದು ಹಾಳೆ ಕೇಳ್ಬೇಡ ನೀನು, ನೋಟ್ಸೂ ಕೇಳ್ಬೇಡ, ಅಂದಹಾಗೆ ಅಡಿಗೆಯವಳು ಕಣೇ, ನಿನ್ನ ನರ್ಸಲ್ಲ, ಅಡಿಗೆಯವಳೇ ಕೊಂದಿದ್ದು, ಓದೋ ಕಷ್ಟ ಉಳೀತಲ್ಲ ಎಂದು ಇಟ್ಟುಬಿಟ್ಟಳು.

ಟೂ ಟೂ ಎನ್ನುವ ಫೋನು ಕಿವಿಯಲ್ಲೇ ಇದೆ. ಹೀಗೆ ಮುಗಿಯಿತು, ಎಂಟು ದಿನ ಬಾಯಿ ತೆರೆದು ನಿಂತಿದ್ದ ಅಧಿಕಾರಿ ಬಾಯಿ ಮುಚ್ಚಿಕೊಂಡ, ಗೆಳತಿಯೂ ಹೋದಳು ಕೊನೆಯೂ ಹೋಯಿತು, ಗೆದ್ದವಳಿಗೆ ಗೆದ್ದದ್ದು ಗೊತ್ತಿಲ್ಲ, ಗೊತ್ತಾದವಳು ಹೇಳುವ ಹಾಗಿಲ್ಲ, ಹದಿನೆಂಟು ದಿನ ಹಲ್ಲು ಕಚ್ಚಿಕೊಂಡಿರಬೇಕು. ಮೇಜಿನ ಮುಂದೆ ಕೂತಳು, ಭೌತಶಾಸ್ತ್ರ ತೆರೆದಳು, ಅಮ್ಮ ಪುದೀನ ಹಾಕಿದ ಚಹಾ ತಂದು ಇಟ್ಟು ಓದು, ನಾನು ಒಳಗಿರ್ತೀನಿ, ಏನಾದ್ರೂ ಬೇಕಿದ್ರೆ ಕೂಗು, ನೀನೇ ಎದ್ದು ಬರ್ಬೇಡ ಅಂದಳು, ಅಡಿಗೆಮನೆಯ ಬಾಗಿಲು ಹಾಕಿಕೊಂಡಿತು, ತಗಡು ನೆಲಕ್ಕೆ ಉಜ್ಜಿದ ಸದ್ದು, ಸ್ಟೂಲು ಎಳೆದ ಸದ್ದು, ಆಮೇಲೆ ಏನೂ ಇಲ್ಲ. ಕೂಡಿಗೆ ಬಂದ ವಿದ್ಯುತ್ತೆಲ್ಲ ಹೊರಗೆ ಹೋಗಬೇಕು, ಮೊದಲ ತಂತಿ, ಎರಡನೇ ತಂತಿ, ಮೂರನೆಯದು ಚಪ್ಪಟೆ ಪೆನ್ಸಿಲಿನ ದಪ್ಪ ಗೀಟು, ಹೆಚ್ಚಿಲ್ಲ ಕಮ್ಮಿಯಿಲ್ಲ, ಎಲೆ ಬೇಯಿಸಬೇಕು ನಾರು ತೆಗೆಯಬೇಕು, ಅವಳು ತಲೆ ಕೊಡವಿ ಮತ್ತೆ ಮೊದಲಿನಿಂದ ಓದುತ್ತಾಳೆ, ಕೂಡಿಗೆ ಬಂದ, ಒಂದೊಂದೇ ಸುತ್ತಬೇಕು, ಕೂಡಿಗೆ, ವಾಲಿಕೊಂಡ ಅಕ್ಷರಗಳು ತಂತಿಯ ಮೇಲೆ ಹಕ್ಕಿಗಳಂತೆ ಬಂದು ಕೂರುತ್ತವೆ, ಇವಳು ಸುಳು ಹೇಳುತಾಳೆ, ಒತ್ತು ಬಿಟ್ಟುಹೋಗಿದೆ, ಅಲ್ಲಿ ಒಂದು ಒತ್ತು ಬೇಕು, ಪೆನ್ನು ಎತ್ತಿ ಗಾಳಿಯಲ್ಲೇ ಹಾಕಹೋಗಿ ಕೈ ನಿಂತಿತು, ಸುಳು, ಕೆಂಪು ಪೆನ್ಸಿಲು ಅಷ್ಟೊಂದು ಒತ್ತಿ ಬರೆದು ಹಾಳೆಯೇ ಹಿಂದಕ್ಕೆ ಉಬ್ಬಿದ, ಒತ್ತಿಲ್ಲದ ಆ ಳು.