ಹರಕೆಯ ಹಣ್ಣು

ಚಿಕ್ಕವೆಂಕಟಪ್ಪ ಒಂದು ಮಾತು ಹೇಳಿದರೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ ಎಂದು ನಂದಗುಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಗುಂಪಿಗೆ ಅವನೇ ಯಜಮಾನ. ಸಂಗಮದ ತನಕ ಗಾಡಿ, ಹೊಳೆ ದಾಟಿದ ಮೇಲೆ ಬರೀ ಕಾಡು. ಅಲ್ಲಿ ಯಾರ ಯಜಮಾನಿಕೆಯೂ ನಡೆಯುವುದಿಲ್ಲ ಎಂಬುದು ತಮ್ಮ ದೇವೇಂದ್ರನನ್ನು ಆನೆ ತುಳಿದ ವರ್ಷ ಅವನಿಗೆ ಗೊತ್ತಾಗಿತ್ತು.

ಈ ಸಲ ಜಗಲಿಯ ಮೇಲೆ ಹೊರಡುವ ಮಾತು ನಡೆಯುವಾಗ ದೇವೇಂದ್ರನ ಹೆಂಡತಿ ಯಶಸ್ವಿನಿಯೂ ಬಂದು ಕಂಬಕ್ಕೊರಗಿ ನಿಂತಳು. ಅರ್ಧಕ್ಕೇ ನಿಂತ ಗಂಡನ ಹರಕೆಯನ್ನು ತಾನೇ ನಡೆದು ತೀರಿಸಬೇಕಂತೆ. ಚಿಕ್ಕವೆಂಕಟಪ್ಪ ಬೇಡ ಅನ್ನದೆ ಎಲ್ಲರಿಗೂ ಸೇರಿಸಿ ಹೇಳತೊಡಗಿದ.

"ಹುರಿಹಿಟ್ಟು, ಅವಲಕ್ಕಿ ತಗೊಳ್ಳಿ. ಗುಂಪು ಬಿಟ್ಟು ಆಚೀಚೆ ಹೋಗ್ಬೇಡಿ. ಬಾಳೆಹಣ್ಣು, ಬೆಲ್ಲ ಮಾತ್ರ ಬೇಡ. ಬೆಟ್ಟದ ಮೇಲೇ ಸಿಗ್ತದೆ."

ಮೊದಲ ಸಲ ಹೊರಟಿದ್ದ ಮುನಿರಾಜ್ ಸುಮ್ಮನಿರುವ ಆಸಾಮಿಯಲ್ಲ. "ಅದ್ಯಾಕಣ್ಣ? ಹರಕೆ ಹಣ್ಣು ಮನೆಯಿಂದ್ಲೇ ಹೋಗ್ಬೇಕಲ್ವ? ಮೊದ್ಲೆಲ್ಲ ಒಯ್ತಿದ್ರಂತೆ."

"ಹೇಳ್ದಷ್ಟು ಕೇಳಪ್ಪ."

ಹೌದು, ಒಯ್ಯುತ್ತಿದ್ದರು. ಮನೆಯವರ ಕೈಯಿಂದಲೇ ಕಟ್ಟಿಸಿಕೊಂಡ ಹಣ್ಣನ್ನು ದೇವರಿಗೆ ಒಪ್ಪಿಸುವ ತನಕ ಯಾರೂ ಮುಟ್ಟುವಂತಿರಲಿಲ್ಲ. ದೇವೇಂದ್ರನ ಚೀಲದಲ್ಲಿ ಅದು ಬಿಸಿಲಿಗೆ ಕಳಿತು, ವಾಸನೆ ದಾರಿಯುದ್ದಕ್ಕೂ ಹರಡಿತ್ತು. ಆನೆಗೆ ಬೇಕಾಗಿದ್ದು ಅವನಲ್ಲ, ಚೀಲ. ಹರಿದ ಆ ಚೀಲವನ್ನು ಉಳಿದವರು ಬರುವ ಮೊದಲೇ ಚಿಕ್ಕವೆಂಕಟಪ್ಪ ಹಳ್ಳಕ್ಕೆ ಎಸೆದಿದ್ದ. ತಮ್ಮ ನೀರು ಕುಡಿಯಲು ಒಬ್ಬನೇ ಇಳಿದಿದ್ದಾಗ ಆನೆ ಬಂತು ಎಂದು ಮನೆಯಲ್ಲಿ ಹೇಳಿದ್ದ. ಕಟ್ಟಿಕೊಟ್ಟ ಕೈ ಜೀವನಪೂರ್ತಿ ಬೇಯುವುದು ಬೇಡ ಅನ್ನಿಸಿತ್ತು.

"ಬೇಡ ಅಂತ ಯಾವಾಗಿಂದ ಆಯ್ತು, ಭಾವ?" ಯಶಸ್ವಿನಿ ಕೇಳಿದಳು.

"ಅದು... ಫಾರೆಸ್ಟ್‌ನೋರು ಹೊಸ್ದಾಗಿ ರೂಲ್ಸ್ ಮಾಡವ್ರೆ ಕಣಮ್ಮ."

ಸುಳ್ಳು ಹೇಳಲು ಬಾರದವನು ಹೇಳಬಾರದು. ಹೇಳುವಾಗ ಅವನು ಅವಳ ಕೈಯನ್ನೇ ನೋಡಿಬಿಟ್ಟ.

ಆ ಕೈಯಲ್ಲಿ ಹಳದಿ ಬಟ್ಟೆಯ ಗಂಟಿತ್ತು. ಅವಳು ಮೆಲ್ಲಗೆ ಅಂಗಳಕ್ಕಿಳಿದಳು. ಗಂಟು ಬಿಚ್ಚಿ, ಏಲಕ್ಕಿ ಬಾಳೆಯ ಚಿಪ್ಪಿನಿಂದ ಒಂದೊಂದೇ ಹಣ್ಣು ಕಿತ್ತು ಹಸುವಿನ ಬಾಯಿಗಿಟ್ಟಳು. ಹಸು ಸಿಪ್ಪೆ ಸಮೇತ ತಿಂದಿತು.

"ಅವತ್ತು ನಾನೇ ಕಟ್ಕೊಟ್ಟಿದ್ದು, ಭಾವ. ಚೆನ್ನಾಗಿ ಹಣ್ಣಾಗಿರೋದ್ನೇ ಆರಿಸಿ."

ಚಿಕ್ಕವೆಂಕಟಪ್ಪ ಅಂಗಳಕ್ಕಿಳಿದು, ಚಿಪ್ಪಿನಲ್ಲಿ ಉಳಿದಿದ್ದ ಹಣ್ಣನ್ನು ತಾನೇ ಕಿತ್ತು ಹಸುವಿನ ಬಾಯಿಗಿಟ್ಟ.