ನೀಲಿ ಗೆರೆ ಮಾಸುವವರೆಗೆ

ನಾನು ಒಂದು ಬಂಡೆ ಮೀನು. ಉದ್ದ ಹೇಳಿಕೊಳ್ಳುವಂಥದ್ದೇನಲ್ಲ, ನಿಮ್ಮ ಬೆರಳಿನಷ್ಟು. ಮೀನು ಪೇಟೆಯಲ್ಲಿ ನೀವು ನನ್ನನ್ನು ನೋಡಿರಲಿಕ್ಕಿಲ್ಲ. ಅಕಸ್ಮಾತ್ ಬಲೆಗೆ ಬಿದ್ದರೂ ಬುಟ್ಟಿಗೆ ಹಾಕದೆ ತಿರುಗಿ ನೀರಿಗೆ ಎಸೆಯುವ ಜಾತಿ ನಮ್ಮದು. ಸಾರಿಗೂ ಆಗುವುದಿಲ್ಲ, ಹುರಿಯಲಿಕ್ಕೂ ಆಗುವುದಿಲ್ಲ. ಹಾಗಾಗಿ ನಮಗೊಂದು ಹೆಸರಿಡುವ ಗೋಜಿಗೆ ನಮ್ಮ ಕಡೆಯ ಮೀನುಗಾರರು ಹೋಗಲಿಲ್ಲ.

ಹುಟ್ಟಿದ್ದು ಮುರ್ಡೇಶ್ವರದ ಆಚೆ, ಕಡಲ ನಡುವೆ ನಿಂತ ನೇತ್ರಾಣಿ ಗುಡ್ಡದ ಬುಡದಲ್ಲಿ. ಯಾವುದೋ ಸತ್ತ ಚಿಪ್ಪಿನ ಒಳಮೈಗೆ ಅಂಟಿಕೊಂಡಿದ್ದ ರಾಶಿ ತತ್ತಿಗಳಲ್ಲಿ ಒಂದು ನಾನು. ನಮ್ಮಲ್ಲಿ ಬಾಣಂತನವೆಲ್ಲ ಅಪ್ಪನದು. ಅಮ್ಮ ತತ್ತಿಯಿಟ್ಟು ತನ್ನ ಪಾಡಿಗೆ ಹೋಗುತ್ತಾಳೆ. ಅಪ್ಪ ರೆಕ್ಕೆಯಾಡಿಸಿ ತತ್ತಿಗಳಿಗೆ ನೀರು ಬೀಸುತ್ತ, ಹತ್ತಿರ ಬಂದವರನ್ನೆಲ್ಲ ಕಚ್ಚಿ ಓಡಿಸುತ್ತ ಕಾಯುತ್ತಾನೆ. ನನ್ನ ಸಿಟ್ಟು ಅವನಿಂದಲೇ ಬಂದದ್ದು. ತತ್ತಿಯೊಡೆದ ಮೇಲೆ ಕಡಲು ನನ್ನನ್ನು ಎಲ್ಲೆಲ್ಲಿಗೋ ಒಯ್ದಿತು, ಮತ್ತೆ ಅದೇ ಗುಡ್ಡಕ್ಕೆ ತಂದು ಬಿಟ್ಟಿತು.

ಆಗ ನನ್ನ ಚೆಂದ ನೋಡಬೇಕಿತ್ತು ನೀವು. ಅರಿಶಿನದ ಮೈ, ಹಣೆಯಿಂದ ಬೆನ್ನಿನುದ್ದಕ್ಕೂ ಹೊಳೆಯುವ ನೀಲಿ ಗೆರೆ, ಎದೆಯ ರೆಕ್ಕೆಯ ಬುಡದಲ್ಲಿ ಒಂದು ಕಪ್ಪು ಬೊಟ್ಟು. ನಮ್ಮ ಬಂಡೆಯ ಹಿರಿಯರೆಲ್ಲ ಕೆಸರಿನ ಬಣ್ಣದವರು. ಅವರು ನಮ್ಮವರೇ ಎಂದು ಗೊತ್ತಿತ್ತು. ಒಂದು ದಿನ ನಾನೂ ಅವರ ಹಾಗೆಯೇ ಆಗುತ್ತೇನೆ ಎಂದು ಹೊಳೆದಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಅದು ಯಾರಿಗೆ ಹೊಳೆಯುತ್ತದೆ ಹೇಳಿ?

ನನ್ನನ್ನು ಹಿಡಿದವನು ದುರ್ಗೇಶ. ಪ್ರವಾಸಿಗರನ್ನು ನೀರಿನಡಿ ಕರೆದೊಯ್ದು ಹವಳ ತೋರಿಸುವುದು ಅವನ ಕೆಲಸ. ಅವನು ಕೈಬಲೆ ಹಿಡಿದು ಬಂದಾಗ ಹಿರಿಯನೊಬ್ಬ ನುಗ್ಗಿ ಹೋಗಿ ಅವನ ಮುಖಕ್ಕೇ ಡಿಕ್ಕಿ ಹೊಡೆದ. ದುರ್ಗೇಶ ಆ ಕೆಸರುಬಣ್ಣದವನನ್ನು ಕೈಯಿಂದ ಬದಿಗೆ ಸರಿಸಿ, ಚೆಂದದ ಎಳೆಯರಿಬ್ಬರನ್ನು ಬಾಚಿಕೊಂಡ. ಎಲ್ಲ ಎಡವಟ್ಟು ಶುರುವಾದದ್ದು ಅಲ್ಲೇ. ಮಾಸಲು ಮೀನು ಯಾರಿಗೆ ಬೇಕು? ನಾನು ಸುಮ್ಮನೆ ಬರಲಿಲ್ಲ, ಅವನ ಬೆರಳು ಕಚ್ಚಿಯೇ ಬಂದೆ.

ದೋಣಿಯಲ್ಲಿ ಅವನ ಅಕ್ಕ ನಾಗವೇಣಿ ಕಾದಿದ್ದಳು. ಕಾಲೇಜೊಂದರಲ್ಲಿ ಮೀನುಗಳ ಮೇಲೆ ಸಂಶೋಧನೆ ಮಾಡುವವಳು.

“ಇದ್ರ ಸಿಟ್ಟು ನೋಡೇ ಅಕ್ಕಾ! ಬೆರಳು ಕಚ್ತು ಮಾರಾಯ್ತಿ,” ಎಂದ ದುರ್ಗೇಶ.

ನಾಗವೇಣಿ ನಮ್ಮಿಬ್ಬರ ಚೀಲವನ್ನು ಬಿಸಿಲಿಗೆ ಎತ್ತಿ ಹಿಡಿದಳು. “ಈ ಗೆರೆ ಯಾವ ಪುಸ್ತಕದಲ್ಲೂ ಕಂಡ ನೆನಪಿಲ್ಲ ನಂಗೆ. ಹೊಸದೇ ಇರಬೇಕು.”

“ಹೊಸದಾದ್ರೆ ನನ್ನ ಹೆಸ್ರೇ ಇಡೂದು ಮತ್ತೆ. ಕಚ್ಚಿಸ್ಕೊಂಡವ ನಾನು.”

“ಆತು. ಶಾಸ್ತ್ರದ ಹೆಸ್ರು ಲ್ಯಾಟಿನ್ನಲ್ಲಿ, ದುರ್ಗೇಶಿ ಅಂತ ಆಗ್ತದೆ.”

“ಅಯ್ಯೋ, ಹುಡುಗಿ ಹೆಸ್ರಾತಲ್ಲೇ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗು ನಾನು ಕೇಳಿದ್ದು ಅದೊಂದೇ ಸಲ.

ಮೀನಿನ ಗುರುತು ಹಿಡಿಯುವವರಲ್ಲಿ ಒಂದು ಪದ್ಧತಿಯಿದೆ. ಒಂದನ್ನು ಸೀಸೆಯಲ್ಲಿ, ಕೊಳೆಯದಂತೆ ಕಾಪಾಡುವ ದ್ರವದೊಳಗೆ ಇಡಬೇಕು. ನಾಳೆ ಯಾರು ಕೇಳಿದರೂ ತೋರಿಸಲು ಅದೇ ಸಾಕ್ಷಿ. ಆದರೆ ಸೀಸೆಯಲ್ಲಿ ಬಣ್ಣ ನಿಲ್ಲುವುದಿಲ್ಲ. ಅದಕ್ಕೆ ಇನ್ನೊಂದನ್ನು ಜೀವಂತ ಇಟ್ಟುಕೊಳ್ಳುವುದೆಂದು ನಾಗವೇಣಿ ನಿರ್ಧರಿಸಿದಳು. ಅವಳ ಪುಟ್ಟ ಬಲೆ ಮೊದಲು ಜೊತೆಗಾರನ ಕಡೆ ಹೋಯಿತು. ಅವನು ಸೀಸೆಗೆ, ನಾನು ಅವಳ ಕಾಲೇಜಿನ ಗಾಜಿನ ತೊಟ್ಟಿಗೆ. ಮರುದಿನ ನೋಡಿದರೆ ಅವನು ಬೆಳ್ಳಗಾಗಿದ್ದ. ನನಗೆ ದುಃಖವೂ ಆಗಲಿಲ್ಲ, ಬದುಕಿದೆನೆಂಬ ಸಂತೋಷವೂ ಆಗಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು.

ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿದ ವಾರವೇ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಂದು ದೋಣಿ ಮಗುಚಿತು. ಅದರಲ್ಲಿ ದುರ್ಗೇಶನಿದ್ದ. ನೀರಿನಡಿಯಲ್ಲೇ ಅರ್ಧ ಆಯುಷ್ಯ ಕಳೆದವನನ್ನು ನೀರಿನ ಮೇಲಿನ ಅಲೆ ಒಯ್ದಿತು.

ಕೆಲವು ದಿನ ಬೇರೆ ಯಾರೋ ನನಗೆ ಊಟ ಹಾಕಿದರು. ಆಮೇಲೆ ನಾಗವೇಣಿ ಬಂದಳು. ಅಳಲಿಲ್ಲ. ಗಾಜು ಒರೆಸಿದಳು, ನೀರು ಬದಲಿಸಿದಳು, ಸಿಗಡಿ ಹೆಚ್ಚಿ ಹಾಕಿದಳು. ಯಾರಾದರೂ ಮಾತಾಡಿಸಿದರೆ “ಹೂಂ” ಎನ್ನುತ್ತಿದ್ದಳು. ಕೈ ಮಾತ್ರ ಕೆಲಸ ಮಾಡುತ್ತಿತ್ತು, ಅವಳು ಅಲ್ಲಿರುತ್ತಿರಲಿಲ್ಲ. ತೊಟ್ಟಿಯೊಳಗೆ ನಾನೂ ಹಾಗೇ ಇದ್ದೆ. ನಮ್ಮಿಬ್ಬರಿಗೂ ಒಳ್ಳೆಯ ಜೋಡಿಯಾಯಿತು.

ಅವಳಿಗೆ ಉಳಿದದ್ದು ಒಂದೇ ಆಸೆ: ನಾನು ಹೊಸ ಜಾತಿಯ ಮೀನಾಗಬೇಕು, ತಮ್ಮನ ಹೆಸರು ನನಗೆ ಬರಬೇಕು. ಅಂಥ ಹೆಸರು ಒಮ್ಮೆ ಅಚ್ಚಾದರೆ ಮನುಷ್ಯರೆಲ್ಲ ಹೋದ ಮೇಲೂ ಪುಸ್ತಕಗಳಲ್ಲಿ ಇರುತ್ತದಂತೆ. ಲೇಖನ ಬರೆದು ಮುಗಿಸಿದಳು. ಕಳಿಸುವುದೊಂದೇ ಬಾಕಿ.

ಅಷ್ಟರಲ್ಲಿ ನಾನು ಬೆಳೆಯತೊಡಗಿದೆ.

ಮೊದಲು ಬಾಲದ ಕಡೆಯ ಅರಿಶಿನ ಹೋಯಿತು. ಆಮೇಲೆ ನೀಲಿ ಗೆರೆ ತುಂಡು ತುಂಡಾಯಿತು. ನಾಗವೇಣಿ ದೀಪ ಬದಲಿಸಿದಳು, ಊಟ ಬದಲಿಸಿದಳು, ದೂರದ ಕಡಲಿನ ತಿಳಿನೀರು ತರಿಸಿದಳು. ನನಗೂ ಅವಳ ಆಸೆ ತಿಳಿದಿತ್ತು. ಎಳೆಯನಾಗಿಯೇ ಇದ್ದುಬಿಡೋಣವೆಂದು ಒಂದೆರಡು ದಿನ ಸಿಗಡಿ ಮುಟ್ಟದೆ ಕೂತೂ ನೋಡಿದೆ. ಹಸಿವು ಕೇಳಲಿಲ್ಲ.

ಅವಳ ಮಾರ್ಗದರ್ಶಕರು ಗಾಂವಕರ ಸರ್, ಮೃದು ಮನಸ್ಸಿನವರು. ಒಂದು ಮಧ್ಯಾಹ್ನ ತೊಟ್ಟಿಯ ಮುಂದೆ ನಿಂತು, “ತೊಟ್ಟಿಯ ಮೀನು ಬಣ್ಣ ಬಿಡ್ತದೆ ನಾಗವೇಣಿ. ಅದೇನು ದೊಡ್ಡ ವಿಷಯ ಅಲ್ಲ. ಲೇಖನ ಕಳಿಸು,” ಎಂದರು.

“ಅಮ್ಮಂಗೆ ಹೇಳಿ ಆಗಿದೆ ಸರ್, ಹೆಸ್ರು ಬತ್ತದೆ ಅಂತ.”

“ಮತ್ತೆ ಯಾಕೆ ತಡ?”

ಸರ್ ಹೋದ ಮೇಲೆ ಅವಳು ಕಪಾಟಿನ ಮೇಲಿನ ಸಾಲಿನಿಂದ ಹಳೆಯ ಸೀಸೆಯೊಂದನ್ನು ಇಳಿಸಿದಳು. ಅದರಲ್ಲಿದ್ದವನನ್ನು ನಾನು ಬಂದ ದಿನದಿಂದಲೇ ನೋಡುತ್ತಿದ್ದೆ. ನಮ್ಮ ಬಂಡೆಯ ಹಿರಿಯರ ಪೈಕಿಯವನು, ಎಂದೋ ಹೆಸರು ಪಡೆದು ಸೀಸೆ ಸೇರಿದವನು. ಇಷ್ಟು ದಿನ ಯಾರೂ ಅವನ ಕಡೆ ಕಣ್ಣು ಹಾಯಿಸಿರಲಿಲ್ಲ. ನಾಗವೇಣಿ ಆ ಸೀಸೆಯನ್ನು ನನ್ನ ಗಾಜಿಗೆ ಒತ್ತಿ ಹಿಡಿದಳು. ಅವನೂ ನಾನೂ ಮೂತಿಗೆ ಮೂತಿ ನಿಂತೆವು. ಅದೇ ಗದ್ದ, ಅದೇ ರೆಕ್ಕೆ, ರೆಕ್ಕೆಯ ಬುಡದಲ್ಲಿ ಅದೇ ಕಪ್ಪು ಬೊಟ್ಟು. ಬಣ್ಣ ಹೋದರೂ ಬೊಟ್ಟು ಹೋಗುವುದಿಲ್ಲ, ನಮ್ಮ ಕುಲದ ಗುರುತು ಅದು.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಸೀಸೆಯನ್ನು ಮೇಜಿನ ಮೇಲಿಟ್ಟು ಮನೆಗೆ ಫೋನ್ ಮಾಡಿದಳು.

“ಅಮ್ಮಾ, ಅದು ಹೊಸದಲ್ಲ. ಮೊದ್ಲೇ ಹೆಸ್ರಿತ್ತಂತೆ ಅದ್ಕೆ... ಹೌದು. ದುರ್ಗೇಶಂದು ಇಡೂಕೆ ಬರೂದಿಲ್ಲ.” ದನಿ ಒಣಗಿತ್ತು, ಅಷ್ಟೇ. ಆ ಕಡೆಯಿಂದ ಅಮ್ಮ ಏನೋ ಕೇಳಿದಳು. “ಅವ ತಂದ ಮೀನಾ? ಇದೆ. ಬದ್ಕಿದೆ. ದೊಡ್ಡಾಗಿದೆ.”

“ದೊಡ್ಡಾಗಿದೆ ಅಮ್ಮಾ,” ಎಂದು ಇನ್ನೊಮ್ಮೆ ಅಂದಳು, ತನಗೇ ಕೇಳಿಸಲಿ ಎಂಬಂತೆ. ಆಮೇಲೆ ಫೋನ್ ಹಿಡಿದುಕೊಂಡೇ, ತೊಟ್ಟಿಯ ಗಾಜಿಗೆ ಹಣೆಯಿಟ್ಟು ಅತ್ತಳು. ತಮ್ಮ ಸತ್ತ ಮೇಲೆ ಅವಳು ಅತ್ತದ್ದು ನಾನು ಕಂಡದ್ದು ಅಂದೇ. ಲೇಖನ ಹೋಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ತೊಟ್ಟಿಯನ್ನು ಕಾಲೇಜಿನ ಪಡಸಾಲೆಯ ಮೂಲೆಗೆ ತಂದಿಟ್ಟಿದ್ದಾರೆ. ಅದರ ಮೇಲೆ ಅಂಟಿಸಿರುವ ಹೆಸರು ಯಾವ ಕಾಲದಲ್ಲೋ ಯಾರೋ ಇಟ್ಟದ್ದು. ಅದಕ್ಕೆ ನನ್ನ ನಾಲಿಗೆಯೇ ಹೊರಳುವುದಿಲ್ಲ. ನೋಡಲು ಬರುವವರು ಪಕ್ಕದ ಬಣ್ಣದ ಮೀನುಗಳ ಮುಂದೆ ನಿಲ್ಲುತ್ತಾರೆ, ನನ್ನ ಮುಂದೆ ನಿಲ್ಲುವುದಿಲ್ಲ. ಬೇಸರವಿಲ್ಲ. ಜೋಮು ಪೂರ್ತಿ ಬಿಟ್ಟಿಲ್ಲ, ಬಿಡುವ ಲಕ್ಷಣವೂ ಇಲ್ಲ.

ನಾಗವೇಣಿ ಈಗ ಇಲ್ಲೇ ಪಾಠ ಹೇಳುತ್ತಾಳೆ. ತೊಟ್ಟಿಯ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ. ನನ್ನ ಕಲ್ಲಿನ ಹತ್ತಿರ ಅವಳ ಕೈ ಬಂತೆಂದರೆ ಮಾಸಿದ ಮೈಯಲ್ಲಿ ಉಳಿದಿರುವ ಸಿಟ್ಟನ್ನೆಲ್ಲ ಒಟ್ಟುಮಾಡಿ ಹೋಗಿ ಬೆರಳು ಕಚ್ಚುತ್ತೇನೆ. ಅವಳಿಗೆ ನೋಯುವಷ್ಟು ಹಲ್ಲು ಈಗ ನನಗಿಲ್ಲ.

“ಎಂತ ಸಿಟ್ಟು ಮಾರಾಯ,” ಎನ್ನುತ್ತಾಳೆ. ತೊಳೆಯುವ ಕೆಲಸ ಮುಗಿದಿದ್ದರೂ ಬೆರಳನ್ನು ಇನ್ನಷ್ಟು ಹೊತ್ತು ಅಲ್ಲೇ ಇಟ್ಟಿರುತ್ತಾಳೆ.